ಬಂಡೆಯನ್ನು ತಿರುಗಿಸಬೇಡಿ, ಮನೆಯನ್ನು ತಿರುಗಿಸಿ

ವಿಜ್ಞಾನ ಮೇಳಗಳಿಗೆ ತೀರ್ಪುಗಾರನಾಗಿ ಹೋದಾಗಲೆಲ್ಲ ‘ಕ್ಷುದ್ರಗ್ರಹದಲ್ಲಿ ಊರು’ ಎಂಬ ಮಾದರಿ ಒಂದಾದರೂ ಎದುರಾಗುತ್ತದೆ. ಟೊಳ್ಳು ಮಾಡಿದ ಥರ್ಮೋಕೋಲ್ ಉಂಡೆ, ಒಳಗೆ ಪ್ಲಾಸ್ಟಿಕ್ ತೆಂಗಿನಮರ, ಅಡಿಯಲ್ಲೊಂದು ಮೋಟರ್. ಸ್ವಿಚ್ ಒತ್ತಿದರೆ ಇಡೀ ಉಂಡೆ ಗಿರಗಿರ. ತಪ್ಪಿರುವುದು ಆ ಮೋಟರಿನಲ್ಲೇ.

ಮೊದಲು ಬಂಡೆ ಆರಿಸಿ. ನನ್ನ ಆಯ್ಕೆಯ ಕ್ಷುದ್ರಗ್ರಹ ರ‍್ಯುಗು. ಅಗಲ ಸುಮಾರು 900 ಮೀಟರ್. ಜಪಾನಿನ ಹಯಾಬುಸ-2 ನೌಕೆ ಅಲ್ಲಿಂದ ಮಣ್ಣು ತಂದಿರುವುದರಿಂದ ಅದರ ಹೂರಣ ನಮಗೆ ಗೊತ್ತು. ಗಣಿಯವರು ಅದನ್ನು ಕಾಯಿಸಿ, ಖನಿಜಗಳಲ್ಲಿ ಬೆರೆತ ನೀರನ್ನು ತೆಗೆದುಕೊಳ್ಳಲಿ. ಉಳಿದ ಚರಟವನ್ನು ಮಾತ್ರ ಎಸೆಯಲು ಬಿಡಬೇಡಿ. ವಿಕಿರಣ ತಡೆಯುವ ಗೋಡೆ ಅದೇ.

ಇನ್ನು ತಿರುಗಿಸುವ ಕೆಲಸ. ರ‍್ಯುಗುವಿನ ಸೆಳೆತ ಭೂಮಿಯದರ ಸುಮಾರು 80,000ದಲ್ಲಿ ಒಂದು ಪಾಲು. ಕಾಲು ನೆಲಕ್ಕೆ ಊರಬೇಕಾದರೆ ಏನನ್ನಾದರೂ ತಿರುಗಿಸಲೇಬೇಕು. ಬಂಡೆಯನ್ನೇ ತಿರುಗಿಸೋಣವೆಂದರೆ ಅದು ಬಂಡೆಯೇ ಅಲ್ಲ, ಪಾಕ ಹಾಕದ ಪುರಿಯುಂಡೆ. 2019ರ ಏಪ್ರಿಲ್‌ನಲ್ಲಿ ಹಯಾಬುಸ-2 ಅದಕ್ಕೆ 2 ಕೆಜಿಯ ತಾಮ್ರದ ಗುಂಡು ಹೊಡೆದಾಗ 10 ಮೀಟರಿಗೂ ಅಗಲದ ಗುಂಡಿ ಬಿತ್ತು. ಈಗ ಅದರ ಒಂದು ಸುತ್ತಿಗೆ ಏಳೂವರೆ ಗಂಟೆಗೂ ಹೆಚ್ಚು ಬೇಕು. ಅದನ್ನು ಸುಮಾರು 3 ಗಂಟೆಗೆ ಇಳಿಸಿದರೆ ನಡುಪಟ್ಟಿಯ ಕಲ್ಲುಗಳು ಮೇಲೇಳತೊಡಗುತ್ತವೆ. ಭೂಮಿಯ ಮೇಲಿನಷ್ಟು ತೂಕ ಬರಲು ಬೇಕಾದದ್ದು 43 ಸೆಕೆಂಡಿಗೊಂದು ಸುತ್ತು! (ಹಾರುವ ಕಲ್ಲನ್ನು ಕಾರ್ಬನ್ ನಾರಿನ ಬಲೆಯಲ್ಲಿ ಹಿಡಿಯುವ ಲೆಕ್ಕವನ್ನು 2022ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದವರು ಹಾಕಿದ್ದಾರೆ. ಜಾಣ ಲೆಕ್ಕ, ಆದರೆ ಅಂಥ ಬಲೆಯೊಳಗೆ ನಾನಂತೂ ಮಲಗಲಾರೆ.)

ಆದ್ದರಿಂದ ಬಂಡೆ ಇದ್ದಂತೆ ಇರಲಿ. ಅದರ ಹೊಟ್ಟೆಯಲ್ಲಿ ರೊಟ್ಟಿಯಾಕಾರದ ಗುಹೆ ತೋಡಿ, ಒಳಗೋಡೆಗೆ ಬಲೆ ಕಟ್ಟಿ, ನಡುವೆ ಜನ ಬಾಳುವ ಕೊಳವೆಯಾಕಾರದ ಚಕ್ರ ನಿಲ್ಲಿಸಿ. ತ್ರಿಜ್ಯ 225 ಮೀಟರ್, ನಿಮಿಷಕ್ಕೆ 2 ಸುತ್ತು: ಅಂಚಿನಲ್ಲಿ ಸರಿಯಾಗಿ ಭೂಮಿಯ ಮೇಲಿನದೇ ತೂಕ. ಉಕ್ಕು ಉಳಿಸಲು ಚಕ್ರ ಚಿಕ್ಕದು ಮಾಡಿ ಜೋರಾಗಿ ತಿರುಗಿಸುವವರಿದ್ದಾರೆ. ತಲೆ ಹೊರಳಿಸಿದರೆ ಸಾಕು, ಜಾತ್ರೆಯ ತೊಟ್ಟಿಲಿನಿಂದ ಇಳಿದವರ ಹಾಗೆ ವಾಂತಿ. ಒಂದೇ ಚಕ್ರವೂ ಸಾಲದು. ಅದನ್ನು ಒಂದು ದಿಕ್ಕಿಗೆ ನೂಕಿದರೆ ಬಂಡೆ ಇನ್ನೊಂದು ದಿಕ್ಕಿಗೆ ಹೊರಳುತ್ತದೆ. ಎದುರು ತಿರುಗುವ ಜೋಡಿ ಚಕ್ರವೇ ಬೇಕು.

ಗಾಳಿ ತುಂಬುವುದು ಚಕ್ರದ ಕೊಳವೆಯೊಳಗೆ ಮಾತ್ರ, ಗುಹೆಗಲ್ಲ. ಅಂಚು ಓಡುವುದು ಗಂಟೆಗೆ 170 ಕಿ.ಮೀ. ವೇಗದಲ್ಲಿ, ಗುಹೆಯಲ್ಲಿ ಗಾಳಿಯಿದ್ದರೆ ಅದನ್ನು ಸೀಳುವುದಕ್ಕೇ ವಿದ್ಯುತ್ತೆಲ್ಲ ಖರ್ಚು. ಸಾಲದ್ದಕ್ಕೆ ಗಾಳಿಯ ಒತ್ತಡ ಚದರ ಮೀಟರಿಗೆ 10 ಟನ್. ‘ಗೋಡೆಗೆ ಸೀಲೆಂಟ್ ಬಳಿಯುತ್ತೇವೆ ಸರ್’ ಎಂದ ಒಬ್ಬ ಹುಡುಗನನ್ನು ಕೇಳಿದೆ: ನಿಮ್ಮ ತಾರಸಿ ಸೋರುವುದು ನಿಂತಿದೆಯೇನಪ್ಪಾ?

ದೀಪ, ತರಕಾರಿ, ಶೌಚಾಲಯ ಇತ್ಯಾದಿ ಹೇಗೋ ಆಗುತ್ತವೆ.

ಜನ ಹತ್ತುವ ಮೊದಲು ಚಕ್ರದ ಸುತ್ತ ನೀರಿನ ತೊಟ್ಟಿಗಳನ್ನು ಕೂರಿಸಿ, ಒಂದರಿಂದ ಒಂದಕ್ಕೆ ಪಂಪ್ ಜೋಡಿಸಿ. ಮದುವೆ ಊಟಕ್ಕೆ ಎಲ್ಲರೂ ಒಂದೇ ಕಡೆ ಪಂಕ್ತಿ ಕೂತರೆ ಚಕ್ರ ಓಲಾಡುತ್ತದೆ. ಆಗ ನೀರು ಎದುರು ಬದಿಗೆ ಹೋಗಬೇಕು.