ಕಿಡ್ನಿ ರಿಪೋರ್ಟ್ ಬಿಡಿಸಿ ಓದುವುದು ಹೀಗೆ

ವಿಜಯಪುರದಲ್ಲಿ ಅವ್ವನ ಸ್ಕ್ಯಾನ್ ಮಾಡಿಸಿದಾಗ ರಿಪೋರ್ಟಿನಲ್ಲಿ ‘ಹೈಡ್ರೊನೆಫ್ರೋಸಿಸ್’ ಅಂತ ಇತ್ತು. ಹೆಸರು ನೋಡಿಯೇ ಕೈಕಾಲು ತಣ್ಣಗಾದವು. ಆಮೇಲೆ ಒಂದು ಉಪಾಯ ಕಲಿತೆ: ಪದವನ್ನು ಕಟಕ್ ರೊಟ್ಟಿಯ ಹಾಗೆ ಮುರಿಯಬೇಕು.

ಹೈಡ್ರೊ ಅಂದರೆ ನೀರು, ನೆಫ್ರೊ ಅಂದರೆ ಕಿಡ್ನಿ, ಓಸಿಸ್ ಅಂದರೆ ಅಂಥದೊಂದು ಸ್ಥಿತಿ. ಮೂತ್ರ ಮುಂದೆ ಹೋಗದೆ ನಿಂತು ಕಿಡ್ನಿ ಊದಿಕೊಂಡಿದೆ ಅಂತ ಅರ್ಥ. ಅವ್ವನಿಗೆ ಯುರೇಟರಿನಲ್ಲಿ, ಅಂದರೆ ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ಕೊಳವೆಯಲ್ಲಿ, ಹರಳು ಅಡ್ಡ ಕೂತಿತ್ತು. ಯುರೇಥ್ರಾ ಬೇರೆ, ಅದು ಚೀಲದಿಂದ ಹೊರಗೆ ಹೋಗುವ ದಾರಿ. ಇವೆರಡನ್ನು ನಾನು ಇವತ್ತಿಗೂ ಅದಲುಬದಲು ಮಾಡುತ್ತೇನೆ.

ಪದದ ಬಾಲ ನೋಡಿ. ‘ಐಟಿಸ್’ ಇದ್ದರೆ ಉರಿಯೂತ: ಸಿಸ್ಟೈಟಿಸ್ ಅಂದರೆ ಮೂತ್ರಚೀಲದ್ದು. ‘ಯೂರಿಯಾ’ ಇದ್ದರೆ ಮೂತ್ರದ ಮಾತು: ಹೆಮಟೂರಿಯಾ ಅಂದರೆ ಮೂತ್ರದಲ್ಲಿ ರಕ್ತ. ಹೊಲಕ್ಕೆ ಹಾಕುವ ಯೂರಿಯಾ ಅಲ್ಲ ಮತ್ತೆ!

ಇನ್ನು ಇ-ಜಿಎಫ್‌ಆರ್. ಕಿಡ್ನಿ ಎಷ್ಟು ಸೋಸುತ್ತದೆ ಅನ್ನುವ ಅಂದಾಜು. ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದಲ್ಲಿನ ಕಸ, ಏರಿದರೆ ಇ-ಜಿಎಫ್‌ಆರ್ ಇಳಿಯುತ್ತದೆ. 3 ತಿಂಗಳಿಗಿಂತ ಜಾಸ್ತಿ 60ಕ್ಕಿಂತ ಕೆಳಗೇ ಇದ್ದರೆ ಕ್ರಾನಿಕ್ ಕಿಡ್ನಿ ಡಿಸೀಸ್ ಅನ್ನುತ್ತಾರೆ. ಕ್ರಾನಿಕ್ ಅಂದರೆ ಬಹಳ ದಿನದ್ದು, ಕೊನೆ ಹಂತದ್ದು ಅಂತಲ್ಲ. ಹಳೇ ರಿಪೋರ್ಟ್ ಸುಮ್ನೆ ಎಸೆಯಬೇಡಿ. ಡಾಕ್ಟರು ಹೊಸದರ ಪಕ್ಕ ಇಟ್ಟು ನೋಡುತ್ತಾರೆ.