ಮಾಸ್ಕ್ ಒಗ್ಗದಿದ್ದುದರ ಹಿಂದಿನ ನೋವು

ಸ್ನಾಯುಗಳನ್ನು ಆಡಿಸುವ ನರಕೋಶಗಳು ಸೋಲುತ್ತಾ ಹೋಗುವ ಮೋಟಾರ್ ನ್ಯೂರಾನ್ ಕಾಯಿಲೆಯವರ ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡುವ ನಾನು, ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಿಗೆ ನೆರವಾಗುವ ಬೈಪ್ಯಾಪ್ ಯಂತ್ರದ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಕೇಳಿರುವ ಮಾತು, ‘ಇವರಿಗೆ ಅದು ಒಗ್ಗುತ್ತಿಲ್ಲ’ ಎನ್ನುವುದು. ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ಅವರ ಪತ್ನಿ ಹಾಗೆಂದಾಗ ನಾನೂ ಒಪ್ಪಿಕೊಂಡುಬಿಟ್ಟಿದ್ದೆ.

ಮೇಷ್ಟ್ರಿಗೆ ಯಂತ್ರ ಬೇಕಾಗಿತ್ತು ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಅಂಗಾತ ಮಲಗಿದರೆ ಹೊಟ್ಟೆಯ ಭಾರ ದುರ್ಬಲವಾದ ವಪೆಯನ್ನು (ಎದೆ-ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ಒತ್ತುವುದರಿಂದ ಉಸಿರು ಸಾಲುತ್ತಿರಲಿಲ್ಲ; ರಾತ್ರಿಯೆಲ್ಲ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಉಳಿದು, ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ. ನೆಂಟರೊಬ್ಬರು ಆಗಲೇ ಆಕ್ಸಿಜನ್ ಯಂತ್ರ ತಂದಿಟ್ಟಿದ್ದರು. ತಿದಿ ಒತ್ತುವ ಕೈಯಂತಿರುವ ಉಸಿರಾಟದ ಸ್ನಾಯುಗಳೇ ಸೋತಿರುವಾಗ ಬರೀ ಆಕ್ಸಿಜನ್ ಕೊಟ್ಟರೆ ಡೈಆಕ್ಸೈಡ್ ಇನ್ನಷ್ಟು ಏರುವ ಅಪಾಯವಿದೆ ಎಂದು ವೈದ್ಯರು ಅದನ್ನು ನಿಲ್ಲಿಸಿ ಬೈಪ್ಯಾಪ್ ಹಾಕಿಸಿದರು. ಇಂಗ್ಲೆಂಡಿನ ನ್ಯೂಕ್ಯಾಸಲ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನುಂಗುವ ಮತ್ತು ಮಾತಿನ ಸ್ನಾಯುಗಳು ತೀರಾ ಸೋತಿರದ ರೋಗಿಗಳಿಗೆ ಇಂಥ ನೆರವಿನಿಂದ ಸಿಕ್ಕ ಹೆಚ್ಚುವರಿ ಆಯುಷ್ಯದ ಮಧ್ಯಾಂಕ (ನಡುಮಟ್ಟದ ಅಂಕಿ) 205 ದಿನ. ಆದರೆ ನಮ್ಮ ಮೇಷ್ಟ್ರು ರಾತ್ರಿಗೆ ಎರಡು ಗಂಟೆಯೂ ಬಳಸುತ್ತಿಲ್ಲವೆಂದು ಯಂತ್ರದ ಲೆಕ್ಕವೇ ತೋರಿಸುತ್ತಿತ್ತು. ಕೈ ಮೇಲೇಳದ ಅವರು ಮುಖವನ್ನು ದಿಂಬಿಗೆ ಉಜ್ಜಿ ಉಜ್ಜಿ ಮಾಸ್ಕನ್ನು ಓರೆ ಮಾಡುತ್ತಿದ್ದರು.

ನಾನು ಮಾಸ್ಕಿನ ಪಟ್ಟಿಯನ್ನು ಸಡಿಲಿಸಿದೆ, ಬಿಗಿ ಮಾಡಿದೆ, ಮಾಸ್ಕಿನ ಅಳತೆಯನ್ನೂ ಬದಲಾಯಿಸಿದೆ. ಅವರನ್ನೇ ಕೇಳಬೇಕೆಂದು ಹೊಳೆದದ್ದು ಮೂರನೆಯ ವಾರ. ಮಾತು ನಿಂತಿದ್ದ ಅವರ ಜೊತೆ ಪತ್ನಿ ವರ್ಣಮಾಲೆಯ ಹಲಗೆಯಲ್ಲಿ ಮಾತನಾಡುತ್ತಿದ್ದರು. ಒಂದೊಂದು ಸಾಲನ್ನೇ ಓದುತ್ತಾ ಹೋದರೆ ಬೇಕಾದ ಕಡೆ ಮೇಷ್ಟ್ರು ಕಣ್ಣು ಮುಚ್ಚುತ್ತಿದ್ದರು. ‘ಪ’ ಸಾಲು, ಭ, ಕೊಂಬು. ‘ಚ’ ಸಾಲು, ಜ. ಭುಜ.

ನನಗೆ ನಾಚಿಕೆಯಾಯಿತು. ಸ್ನಾಯುಗಳು ಸೊರಗಿದ ಭುಜದ ಕೀಲಿಗೆ ಆಸರೆಯೇ ಇರುವುದಿಲ್ಲ ಎಂದು ತಿಳಿದಿದ್ದೂ, ಅವರನ್ನು ಕೂರಿಸುವಾಗ ನಾನೇ ಕಂಕುಳಿಗೆ ಕೈಕೊಟ್ಟು ಎಳೆಯುತ್ತಿದ್ದೆ. ರಾತ್ರಿ ಉಸಿರಿಗಾಗಿ ತಲೆಯ ಕಡೆ ಎತ್ತರಿಸಿ ಮಲಗಿಸಿದರೆ ಮೈ ಕೆಳಗೆ ಜಾರಿ ತೋಳು ಜೋತುಬೀಳುತ್ತಿತ್ತು, ಭಾರವೆಲ್ಲ ಬೆನ್ನಿನ ಬುಡಕ್ಕೆ ಬೀಳುತ್ತಿತ್ತು; ತಗ್ಗಿಸಿದರೆ ಉಸಿರು ಕಟ್ಟುತ್ತಿತ್ತು. ಮಾಸ್ಕ್ ಇದ್ದಷ್ಟು ಹೊತ್ತು ಅದೇ ಭಂಗಿಯಲ್ಲಿ ಇರಬೇಕಾಗಿದ್ದರಿಂದ ಅವರು ತಪ್ಪಿಸಿಕೊಳ್ಳಲು ಹೆಣಗುತ್ತಿದ್ದದ್ದು ಭಂಗಿಯಿಂದ.

ಆಮೇಲೆ ತೋಳಿನ ಕೆಳಗೆ ಮೊಣಕೈಯಿಂದ ಅಂಗೈವರೆಗೆ ದಿಂಬು ಬಂತು, ಮಂಡಿಯ ಕೆಳಗೆ ಸುತ್ತಿದ ಕಂಬಳಿ ಬಂದು ಜಾರುವುದು ನಿಂತಿತು, ಏರ್‌ಬೆಡ್ ಬಂತು. ಎತ್ತುವಾಗ ಬೆನ್ನ ಕೆಳಗೆ ಹಾಸಿದ ದಪ್ಪ ಬಟ್ಟೆಯನ್ನು ಇಬ್ಬರು ಹಿಡಿಯತೊಡಗಿದೆವು. ದಿನಕ್ಕೆರಡು ಸಲ ನೋವಿನ ಅಂಚು ಮುಟ್ಟದಂತೆ ಭುಜ ಆಡಿಸಿದೆ. ಮೂಗಿನ ಮೇಲೆ ಮಾಸ್ಕ್ ಒತ್ತಿ ಕೆಂಪಾಗಿದ್ದ ಕಡೆಗೆ ಜೆಲ್ ಪಟ್ಟಿ ಅಂಟಿಸಿದೆವು. ವೈದ್ಯರು ಭುಜಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು, ಸೆಡೆತಕ್ಕೆ ಬ್ಯಾಕ್ಲೋಫೆನ್ ಕೊಟ್ಟರು. ಅದಕ್ಕೂ ಬಗ್ಗದ ನೋವಿಗೆ ಅಫೀಮು ಮೂಲದ ನೋವುನಿವಾರಕ ಮಾರ್ಫಿನ್ 2.5 ಮಿಲಿಗ್ರಾಂ ಸೂಚಿಸಿದಾಗ ಪತ್ನಿ, ‘ಅಂದ್ರೆ ಇನ್ನು ಮುಗೀತು ಅಂತಾನಾ ಸಾರ್?’ ಎಂದರು. ಮಾದಕ ವಸ್ತುಗಳ ಕಾನೂನಿಗೆ 2014ರಲ್ಲಿ ತಂದ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಮಾರ್ಫಿನ್ ಸಿಗುವ ದಾರಿ ಸುಗಮವಾಗಿದ್ದರೂ, ಆ ಹೆಸರಿನ ಭಯ ಹೋಗಿಲ್ಲ. ಸಣ್ಣ ಪ್ರಮಾಣದಲ್ಲಿ ನಿಗಾ ಇಟ್ಟು ಕೊಟ್ಟರೆ ನೋವಿನ ಜೊತೆ ಉಸಿರುಗಟ್ಟುವ ತಳಮಳವೂ ಇಳಿಯುತ್ತದೆ, ಮಲಬದ್ಧತೆಗೆ ಮಾತ್ರ ಮೊದಲ ದಿನದಿಂದಲೇ ಔಷಧಿ ಬೇಕು ಎಂದು ವೈದ್ಯರು ಕೂತು ವಿವರಿಸಿದ ಮೇಲೆ ಆಕೆ ಒಪ್ಪಿದರು.

ಒಂದು ತಿಂಗಳಲ್ಲಿ ಯಂತ್ರದ ಲೆಕ್ಕ ಆರು ಗಂಟೆ ದಾಟಿತು. ನಾವು ಯಂತ್ರದ ಗಾಳಿಯ ಒತ್ತಡದ ಅಂಕಿಗಳನ್ನು ಮುಟ್ಟಿಯೂ ಇರಲಿಲ್ಲ. ಈಗ ಆ ಮನೆಯಲ್ಲಿ ಭುಜ, ಸೊಂಟ, ಹಿಮ್ಮಡಿ, ಮೂಗು ಎಂದು ಒಂದೊಂದನ್ನೇ ಕೇಳಿ, ಮೇಷ್ಟ್ರು ಕಣ್ಣು ಮುಚ್ಚಿ ಹೂಂ ಎಂದ ಮೇಲೆಯೇ ಪತ್ನಿ ಸ್ವಿಚ್ ಹಾಕುತ್ತಾರೆ.