ಫೈರ್‌ವಾಲ್ ತಡೀತೋ, ದಾರಿಯಾಗ ಯಾರೋ ತಡದ್ರೋ: ಮನೆ ಪಿಸಿ ಪರೀಕ್ಷೆಯ ನನ್ನ ಅನುಭವ

"ಮನೀ ಪಿಸಿದು ಫೈರ್‌ವಾಲ್ ಏನ್ ಟೆಸ್ಟ್ ಮಾಡ್ತೀರಿ ಸರ, ವೆಬ್‌ಸೈಟಿನಾಗ ಬಟನ್ ಒತ್ತಿದ್ರ ಎಲ್ಲಾ ಹಸಿರ ಬರ್ತೈತಿ" ಎಂದು ನವನಗರದ ಕಂಪ್ಯೂಟರ್ ಸರ್ವಿಸ್ ಹುಡುಗರು ನಕ್ಕಿದ್ದರು. ಫೈರ್‌ವಾಲ್ ಎಂದರೆ ಪಿಸಿಗೆ ಬರುವ, ಹೋಗುವ ಟ್ರಾಫಿಕ್ಕಿನ ಕಾವಲುಗಾರ. ಹಸಿರು ಬಂದೇ ಬರುತ್ತದೆ. ಆ ವೆಬ್‌ಸೈಟ್ ತಟ್ಟಿದ್ದು ನಿಮ್ಮ ಪಿಸಿಯ ಬಾಗಿಲನ್ನಲ್ಲ, ಪ್ರೊವೈಡರ್‌ನ ಬಾಗಿಲನ್ನು. ಬಾಗಲಕೋಟೆಯಲ್ಲಿ ನಾನು ನೋಡಿದ ಫೈಬರ್ ಲೈನುಗಳಲ್ಲಿ ಮುಕ್ಕಾಲು ಪಾಲು ಸಿಜಿನ್ಯಾಟ್ (ಪ್ರೊವೈಡರ್ ಒಂದೇ ಹೊರ ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆ) ಹಿಂದೆ ಇದ್ದವು. ರೌಟರ್‌ನ ವ್ಯಾನ್ (ಹೊರಗಿನ ಸಂಪರ್ಕದ) ಪುಟದಲ್ಲಿ 100.64ರಿಂದ 100.127ರೊಳಗಿನ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ಕಂಡರೆ ಆ ಪರೀಕ್ಷೆ ಅಲ್ಲಿಗೇ ಬಿಡಿ. ಇದು ತಿಳಿಯುವ ಮೊದಲೇ ಸ್ಟ್ಯಾಟಿಕ್ (ಬದಲಾಗದ) ಐಪಿಗೆಂದು ವರ್ಷಕ್ಕೆ ಎರಡು ಸಾವಿರದ ಆಸುಪಾಸು ಕಟ್ಟಿದ್ದೆ. ದಂಡ.

ಎರಡನೇ ದಂಡ, ಅದೇ ಪಿಸಿಯಲ್ಲಿ ಎನ್‌ಮ್ಯಾಪ್ (ಪೋರ್ಟ್‌ಗಳನ್ನು ತಟ್ಟಿ ನೋಡುವ ಪ್ರೋಗ್ರಾಂ) ಹಾಕಿ ಅದರದೇ ಐಪಿ ಸ್ಕ್ಯಾನ್ ಮಾಡಿದ್ದು. 135, 445 ಎರಡೂ ಪೋರ್ಟ್ (ಪಿಸಿಯ ನಂಬರ್ ಹಾಕಿದ ಬಾಗಿಲುಗಳು) ಓಪನ್ ಎಂದಿತು. ತನ್ನಿಂದ ತನಗೇ ಹೋಗುವ ಟ್ರಾಫಿಕ್ ಪಿಸಿಯ ಒಳಗೇ, ಲೂಪ್‌ಬ್ಯಾಕ್‌ನಲ್ಲೇ ಸುತ್ತುತ್ತದೆ, ವಿಂಡೋಸ್ ಫೈರ್‌ವಾಲ್ ಅದನ್ನು ತಡೆಯುವುದಿಲ್ಲ. ನ್ಯಾಟ್ ಮೋಡ್‌ನಲ್ಲಿರುವ (ಪಿಸಿಯ ಐಪಿಯಿಂದಲೇ ಹೊರಹೋಗುವ) ವರ್ಚುವಲ್ ಮಷೀನ್‌ನಿಂದ, ಅಂದರೆ ಪಿಸಿಯೊಳಗೇ ಓಡುವ ಇನ್ನೊಂದು ಪಿಸಿಯಿಂದ, ಸ್ಕ್ಯಾನ್ ಮಾಡಿದರೂ ಇದೇ ಹಣೆಬರಹ. ತಟ್ಟುವುದಕ್ಕೆ ಬೇರೆ ಮಷೀನೇ ಬೇಕು.

ಕೊನೆಗೆ ಕೆಲಸಕ್ಕೆ ಬಂದದ್ದು ಆರು ಸಾವಿರದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್, ಏಳುನೂರರ ಐದು ಪೋರ್ಟಿನ ಸ್ವಿಚ್, ಎರಡು ಕೇಬಲ್. ರೌಟರ್ ಬೇಡ, ಇಂಟರ್ನೆಟ್ ಬೇಡ. ಲ್ಯಾಪ್‌ಟಾಪ್‌ಗೆ 192.168.50.1, ಪಿಸಿಗೆ 192.168.50.2. ಇಲ್ಲೂ ಎಡವುವ ಜಾಗ ಒಂದಿದೆ: ಗೇಟ್‌ವೇ (ಹೊರದಾರಿಯ ಐಪಿ) ಖಾಲಿ ಬಿಟ್ಟರೆ ವಿಂಡೋಸ್ ಇದನ್ನು ಗುರುತಿಲ್ಲದ ನೆಟ್‌ವರ್ಕ್ ಎಂದುಕೊಂಡು ಪಬ್ಲಿಕ್ ಪ್ರೊಫೈಲ್ (ಅಪರಿಚಿತ ಜಾಗದ ಬಿಗಿ ರೂಲುಗಳು) ಹಾಕುತ್ತದೆ. ಎಲ್ಲ ಪೋರ್ಟೂ ಫಿಲ್ಟರ್ಡ್ (ತಟ್ಟಿದರೆ ಉತ್ತರವೇ ಇಲ್ಲ) ಬಂದಾಗ ನಾನೂ ಬೀಗಿದ್ದೆ. ಅದೇ ಪಿಸಿ ಮನೆಯ ವೈಫೈಗೆ ಹೋದ ಕೂಡಲೇ ನಂಬಿದ ಜಾಗದ ಪ್ರೈವೇಟ್ ಪ್ರೊಫೈಲ್ ಹತ್ತಿ, ಫೈಲ್ ಶೇರಿಂಗ್‌ನ 445 ತೆರೆದು ಕೂತಿತ್ತು. ಅಂದಿನಿಂದ ಪಿಸಿಗೆ ಗೇಟ್‌ವೇ ಎಂದು ಲ್ಯಾಪ್‌ಟಾಪ್‌ನ ಐಪಿಯನ್ನೇ ಕೊಟ್ಟು, ಎರಡೂ ಪ್ರೊಫೈಲ್‌ನಲ್ಲಿ ಬೇರೆ ಬೇರೆ ಸ್ಕ್ಯಾನ್ ಮಾಡುತ್ತೇನೆ.

ಏನನ್ನೂ ಮುಟ್ಟುವ ಮೊದಲು ವಿಂಡೋಸ್ ಫೈರ್‌ವಾಲ್‌ನ ಅಡ್ವಾನ್ಸ್ಡ್ ಸೆಕ್ಯುರಿಟಿ ಕಿಟಕಿಯಲ್ಲಿ ಎಕ್ಸ್‌ಪೋರ್ಟ್ ಪಾಲಿಸಿ ಒತ್ತಿ ಈಗಿನ ರೂಲುಗಳ ಫೈಲನ್ನು ಪೆನ್‌ಡ್ರೈವ್‌ಗೆ ಇಳಿಸಿ. ನಂತರ ಲಾಗಿಂಗ್‌ನಲ್ಲಿ ಡ್ರಾಪ್ ಆದ, ಅಂದರೆ ತಡೆದುಹಾಕಿದ ಪ್ಯಾಕೆಟ್‌ಗಳ ದಾಖಲೆ ಆನ್ ಮಾಡಿ; ವಿಂಡೋಸ್‌ನಲ್ಲಿ ಅದು ಮೊದಲಿನಿಂದ ಆಫ್ ಇರುತ್ತದೆ. ಲಾಗ್‌ನ ಗಾತ್ರ 4,096 ಕೆಬಿ ಇರುವುದನ್ನು 32,767ಕ್ಕೆ ಏರಿಸಿ. ಆಂಟಿವೈರಸ್‌ಗೆ ಸ್ವಂತ ಫೈರ್‌ವಾಲ್ ಇದ್ದರೆ ಈ ಲಾಗ್ ಖಾಲಿ ಇರಬಹುದು, ಆಗ ಅದರದೇ ಲಾಗ್ ಹುಡುಕಬೇಕು.

ಪೋರ್ಟ್ ಹಿಂದೆ ಬಂದ ಕರೆಗೆ ಕಿವಿಗೊಡುವ ಪ್ರೋಗ್ರಾಂ ಇಲ್ಲದಿದ್ದರೆ ಫೈರ್‌ವಾಲ್ ಪರೀಕ್ಷೆ ಎಂದರೆ ಖಾಲಿ ಮನೆಗೆ ಬೀಗ ಹಾಕಿ ನೋಡಿದ ಹಾಗೆ. ಪೈಥಾನ್‌ನ ಸಣ್ಣ ವೆಬ್ ಸರ್ವರನ್ನು 8000ದಲ್ಲಿ ಎಬ್ಬಿಸುತ್ತೇನೆ, ಖಾಲಿ ಫೋಲ್ಡರ್‌ನಿಂದ. ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರ್‌ನಿಂದ ಎಬ್ಬಿಸಿದರೆ ಅಲ್ಲಿನ ಫೈಲೆಲ್ಲ ಊರಿಗೆ ಹಂಚಿದಂತೆ. ಆಗ ವಿಂಡೋಸ್ ಪರವಾನಗಿ ಕೇಳುತ್ತದೆ. ಕ್ಯಾನ್ಸಲ್ ಒತ್ತಿದರೆ ಪೈಥಾನ್ ಹೆಸರಲ್ಲಿ ಬ್ಲಾಕ್ ರೂಲ್ ಹುಟ್ಟುತ್ತದೆ. ಆಮೇಲೆ 8000ಕ್ಕೆ ಎಷ್ಟು ಅಲೋ ರೂಲ್ ಬರೆದರೂ ಬ್ಲಾಕೇ ಗೆಲ್ಲುತ್ತದೆ. ಇದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಅಲೋ ಒತ್ತಿದರೂ ಅಪಾಯ: ಪರೀಕ್ಷೆ ಮುಗಿದ ಮೇಲೂ ಪೈಥಾನ್‌ಗೆ ಎಲ್ಲ ಪೋರ್ಟೂ ಸಡಿಲ. ಹುಟ್ಟಿದ ರೂಲನ್ನು ಆಗಲೇ ಅಳಿಸಿ, 8000ಕ್ಕಷ್ಟೇ ಕೈಯಿಂದ ರೂಲ್ ಬರೆಯಿರಿ. ಮೊದಲು ಅಲೋ ಇಟ್ಟು ಓಪನ್ ಬರುವುದನ್ನು ನೋಡಿ, ಆಮೇಲೆ ಬ್ಲಾಕ್ ಮಾಡಿ. ಈಗ ಫಿಲ್ಟರ್ಡ್ ಬರಬೇಕು, ಲಾಗ್‌ನಲ್ಲಿ ಲ್ಯಾಪ್‌ಟಾಪ್‌ನ ಐಪಿಯ ಜೊತೆ ಡ್ರಾಪ್ ಸಾಲೂ ಬೀಳಬೇಕು. ಸಾಲು ಬೀಳದಿದ್ದರೆ ತಡೆದದ್ದು ಬೇರೆ ಯಾರೋ.

ಎನ್‌ಮ್ಯಾಪ್‌ಗೆ ಪಿಂಗ್ (ಇದ್ದೀಯಾ ಎಂದು ಕೂಗಿ ನೋಡುವುದು) ನೋಡಬೇಡ ಎಂದು ಹೇಳಿಬಿಡಿ, ಇಲ್ಲವಾದರೆ ಪಿಂಗ್‌ಗೆ ಉತ್ತರಿಸದ ಪಿಸಿಯನ್ನು ಸತ್ತಿದೆ ಎಂದು ಬಿಟ್ಟುಬಿಡಬಹುದು. ಸುಮ್ಮನೆ ಓಡಿಸಿದರೆ ಅದು ನೋಡುವುದು 1,000 ಪೋರ್ಟ್; ಸ್ವಂತ ಸ್ವಿಚ್ ಮೇಲೆ 65,535ನ್ನೂ ನೋಡಿ, ಕೇಳುವವರಿಲ್ಲ. ಅಂಗಡಿಯವರ ಪಿಸಿಯಾದರೆ ಟ್ಯಾಲಿಯ 9000 ಮರೆಯಬೇಡಿ. ಯುಡಿಪಿ (ಉತ್ತರ ಬಂದೇ ಬರಬೇಕೆಂದಿಲ್ಲದ ಬಗೆಯ ಟ್ರಾಫಿಕ್) ಸ್ಕ್ಯಾನ್‌ಗೆ ಒಂದು ರಾತ್ರಿ ಕೊಟ್ಟು ನೋಡಿದೆ. ಬೆಳಿಗ್ಗೆ ಸಿಕ್ಕಿದ್ದು 'ಓಪನ್ ಇದ್ದೀತು, ಫಿಲ್ಟರ್ ಆಗಿದ್ದೀತು' ಎನ್ನುವ ಉದ್ದ ಪಟ್ಟಿ. ಯಾವ ಪೋರ್ಟ್ ಯಾವ ಕ್ರಮದಲ್ಲಿ ನೋಡಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಎನ್ನುವುದು ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು.

ನಡುವೆ ಐಪಿವಿ6 (ಹೊಸ ಬಗೆಯ ಉದ್ದ ಐಪಿ ವಿಳಾಸ) ಮೇಲೂ ಕೈ ಆಡಿಸಿದೆ. ಅದರಲ್ಲಿ ಸಿಜಿನ್ಯಾಟ್‌ನ ಮರೆ ಇಲ್ಲ. ಪಿಸಿಯಲ್ಲಿ 2ರಿಂದ ಶುರುವಾಗುವ ವಿಳಾಸ ತೆಗೆದುಕೊಂಡು, ಮೊಬೈಲ್‌ನ ವೈಫೈ ಆಫ್ ಮಾಡಿ, ಟರ್ಮಕ್ಸ್ ಎಂಬ ಕಮಾಂಡ್ ಆ್ಯಪ್‌ನಿಂದ 8000 ಒಂದನ್ನೇ ತಟ್ಟಿದೆ. ಅಲೋ ರೂಲ್ ಇದ್ದಾಗ ಸಿಮ್ ಡೇಟಾದಿಂದಲೇ ಪುಟ ತೆರೆಯಿತು. ಅಂದರೆ ರೌಟರ್ ಏನೂ ತಡೆಯುತ್ತಿರಲಿಲ್ಲ, ಪಿಸಿಯ ಫೈರ್‌ವಾಲ್ ಒಂದೇ ಗೋಡೆ. 445 ಮಾತ್ರ ಹೀಗೆ ಹೊರಗಿನಿಂದ ನೋಡಿ ನಂಬಬೇಡಿ, ಎಷ್ಟೋ ಪ್ರೊವೈಡರ್‌ಗಳು ಅದನ್ನು ದಾರಿಯಲ್ಲೇ ತಡೆಯುತ್ತಾರೆ.

ಹೊರಗಿನಿಂದ ತಟ್ಟುವಾಗ ಕರೆಂಟಿನ ಮೇಲೆ ಕಣ್ಣಿರಲಿ. ಕರೆಂಟ್ ಹೋಗಿ ಬಂದರೆ ರೌಟರ್‌ಗೆ ಹೊಸ ಐಪಿ ಸಿಗಬಹುದು, ಹಳೆಯದು ಇನ್ನೊಬ್ಬರ ಮನೆಗೆ ಹೋಗಿರಬಹುದು. ಅವರ ಬಾಗಿಲು ತಟ್ಟುತ್ತ ಕೂತರೆ 2000ದ ಐಟಿ ಕಾಯ್ದೆಯ 43, 66ನೇ ಕಲಮುಗಳ ಮಾತು ಬರುತ್ತದೆ. ನಾನು ಎರಡು ಮೂರು ಪೋರ್ಟ್ ನೋಡಿ ನಿಲ್ಲಿಸುತ್ತೇನೆ, ಮೊದಲೂ ಕೊನೆಗೂ ವಿಳಾಸ ತಾಳೆ ನೋಡುತ್ತೇನೆ.

ವಿಜಯಪುರದ ಪಿಸಿಯನ್ನು ಇಲ್ಲಿಂದ ರಿಮೋಟ್‌ನಲ್ಲಿ ನೋಡುವಾಗ ಹೊರಹೋಗುವ ಟ್ರಾಫಿಕ್ ಬ್ಲಾಕ್ ಮಾಡಿದರೆ ನಿಮ್ಮ ಕೈಯೂ ಕತ್ತರಿಸುತ್ತದೆ, ಮುಂದಿನದು ಬಸ್ ಚಾರ್ಜು. ಮೊದಲೇ ಟಾಸ್ಕ್ ಶೆಡ್ಯೂಲರ್‌ನಲ್ಲಿ, ಹದಿನೈದು ನಿಮಿಷದ ನಂತರ ಹಳೆಯ ಪಾಲಿಸಿ ಫೈಲ್ ತಾನೇ ಇಂಪೋರ್ಟ್ ಆಗುವಂತೆ, ಅಡ್ಮಿನ್ ಹಕ್ಕಿನಲ್ಲಿ ಇಡುತ್ತೇನೆ. ಎಲ್ಲ ಸರಿಯಿದ್ದರೆ ಹದಿನಾಲ್ಕನೇ ನಿಮಿಷಕ್ಕೆ ಅದನ್ನು ರದ್ದು ಮಾಡುತ್ತೇನೆ.